ರೇಸ್ ಬಿಟ್ಟ ಕುದುರೆ ಮನೆಗೆ ಬಂದು 12 ದಿನ ಆಯಿತು, ನನ್ನ ಕಡೆ ತಿರುಗಿಯೂ ನೋಡುತ್ತಿಲ್ಲ

ಬೆಳಗಿನ_ನಡಿಗೆ:

ರೇಸ್‌ನಿಂದ ಬಿಡುಗಡೆಯಾದ ಕುದುರೆಯೊಂದನ್ನು 12 ದಿನದ ಹಿಂದೆ ಮನೆಗೆ ಕರೆತಂದೆ. ಥರೋಬ್ರೆಡ್ (ಓಟಕ್ಕೆಂದೇ ಬೆಳೆಸುವ ತಳಿ) ಗೆಲ್ಡಿಂಗ್, ಅಂದರೆ ಬೀಜ ತೆಗೆಸಿದ ಗಂಡು, ಆರು ವರ್ಷ. ಕಂದು ಮೈ, ಹಣೆಯಲ್ಲಿ ಹೆಬ್ಬೆರಳು ಒತ್ತಿದಷ್ಟು ಬಿಳಿ ಚುಕ್ಕೆ. ನಾಲ್ಕು ವರ್ಷ ಓಡಿದ್ದಾನೆ, ಒಂದೂ ಗೆದ್ದಿಲ್ಲ. ಕಾಲಿಗೆ ದೊಡ್ಡ ಪೆಟ್ಟೇನೂ ಇಲ್ಲ. ಇನ್ನು ವೇಗ ಬರುವುದಿಲ್ಲ ಅಂತ ಬಿಟ್ಟುಕೊಟ್ಟರು.

ನಾನು ಹತ್ತು ವರ್ಷದಿಂದ ಸವಾರಿ ಮಾಡುತ್ತಿದ್ದೇನೆ. ಆದರೆ ಸ್ವಂತ ಕುದುರೆ ಇದೇ ಮೊದಲು.

ಒದೆಯುವುದು, ಕಚ್ಚುವುದು ಏನೂ ಇಲ್ಲ. ಸ್ನಾನ ಮಾಡಿಸಿದರೆ ಅಲುಗಾಡದೆ ನಿಲ್ಲುತ್ತಾನೆ. ಗೊರಸು ನೋಡಲು ಬಗ್ಗಿದರೆ ನಾನು ಮುಟ್ಟುವ ಮೊದಲೇ ಕಾಲು ಎತ್ತುತ್ತಾನೆ. ಆದರೆ ಅದನ್ನು ಯಾರು ಕೇಳಿದರೂ ಮಾಡುತ್ತಾನೆ. ಬ್ರಷ್ ಮಾಡುವಾಗ ಗೋಡೆ ನೋಡುತ್ತಾ ನಿಂತಿರುತ್ತಾನೆ. ಮುಖ ಸವರಿ ಕುತ್ತಿಗೆ ತಬ್ಬಲು ಹೋದರೆ ತಲೆ ಆಚೆ ತಿರುಗಿಸುತ್ತಾನೆ. ಬೆಳಿಗ್ಗೆ ನಾಲ್ಕೂವರೆಗೆ ಬಾಗಿಲು ಒದೆಯಲು ಶುರು. ಒಣಹುಲ್ಲನ್ನು ಅರ್ಧ ತಿಂದು ಬಿಡುತ್ತಾನೆ. ಕಾಳಿನ ಬಕೆಟ್ ಸದ್ದಾದರೆ ಮಾತ್ರ ಕಿವಿ ಹಿಂದಕ್ಕೆ ಮಡಚಿ ನುಗ್ಗುತ್ತಾನೆ. ಹೊರಗೆ ಬಿಟ್ಟರೆ ಬೇಲಿಯ ಉದ್ದಕ್ಕೂ ಅತ್ತಿಂದಿತ್ತ ನಡೆದು ನಡೆದು ಮೈಯೆಲ್ಲ ಬೆವರು.

ಒಂಬತ್ತನೇ ದಿನ ಜೀನು ಹಾಕಿ ಹತ್ತಲು ಹೋದೆ. ಹತ್ತುವ ಕಟ್ಟೆಯ ಪಕ್ಕ ನಿಲ್ಲಲೇ ಇಲ್ಲ. ರಿಕಾಪಿನಲ್ಲಿ ಕಾಲಿಡುವಷ್ಟರಲ್ಲಿ ನಡೆದುಬಿಟ್ಟ. ಲಗಾಮು ಎಳೆದೆ, ಇನ್ನೂ ಜೋರಾದ. ಅಲ್ಲಿಗೇ ಬಿಟ್ಟೆ.

ನನ್ನ ಜೊತೆ ಅವನಿಗೆ ಖುಷಿ ಇಲ್ಲ ಅನ್ನಿಸುತ್ತಿದೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?


ಹಳೆ_ಲಾಯ:

ತಪ್ಪೇನೂ ಆಗಿಲ್ಲ. ಸ್ವಲ್ಪ ಬೇಗ ಕೇಳಿದ್ದೀರಿ, ಅಷ್ಟೇ.

ಅವನ ದಿನ ಹೇಗಿತ್ತು ಅಂತ ಒಂದು ಸಲ ನೆನೆಸಿಕೊಳ್ಳಿ. ನಸುಕಿಗೇ ಕಾಳು. ಬೆಳಕಾಗುವ ಹೊತ್ತಿಗೆ ಟ್ರ್ಯಾಕ್. ಅರ್ಧ ಗಂಟೆ, ಮುಕ್ಕಾಲು ಗಂಟೆ ಕೆಲಸ. ಆಮೇಲೆ ನಡೆಸಿ ಆರಿಸುವುದು, ಸ್ನಾನ, ಕಾಲಿಗೆ ಪಟ್ಟಿ. ಉಳಿದ 22, 23 ಗಂಟೆ ಲಾಯದೊಳಗೆ. ಎಡಕ್ಕೊಂದು ಕುದುರೆ, ಬಲಕ್ಕೊಂದು ಕುದುರೆ, ಎದುರು ಸಾಲಿನಲ್ಲಿ ಇನ್ನಷ್ಟು. ಒಂದು ನಿಮಿಷವೂ ಒಂಟಿಯಾಗಿ ಇದ್ದವನಲ್ಲ. ನಾಲ್ಕೂವರೆಗೆ ಬಾಗಿಲು ಒದೆಯುತ್ತಾನೆ ಅಂದಿರಲ್ಲ, ಅವನ ಲೆಕ್ಕದಲ್ಲಿ ನೀವೇ ತಡವಾಗಿ ಏಳುತ್ತಿದ್ದೀರಿ.

ಅಂಥವನನ್ನು ಒಂದೇ ಗಾಡಿಪಯಣದಲ್ಲಿ ಬೇರೆ ಕಡೆ ತಂದು ಇಳಿಸಿದರೆ ಅವನಿಗೆ ಗೊತ್ತಿದ್ದ ಎಲ್ಲವೂ ಒಟ್ಟಿಗೇ ಹೋಯಿತು ಅಲ್ವಾ? ನಾನು ಇಲ್ಲಿಯವರೆಗೆ ಏಳು ರೇಸ್ ಕುದುರೆಗಳನ್ನು ಮನೆಗೆ ತಂದಿದ್ದೇನೆ. ಒಂದು ಹದಿನೈದು ದಿನದಲ್ಲಿ ಹೊಂದಿಕೊಂಡಿತು. ಇನ್ನೊಂದು ಹೆಣ್ಣು ಕುದುರೆಗೆ ಎಂಟು ತಿಂಗಳು ಬೇಕಾಯಿತು.

ಒಂದು ಕೆಲಸ ಮಾಡಿ. ಅವನನ್ನು ನೋಡಿಕೊಳ್ಳುತ್ತಿದ್ದ ಹುಡುಗನ ನಂಬರ್ ಸಿಕ್ಕರೆ ಫೋನ್ ಮಾಡಿ. ಮಾಲೀಕರಿಗೆ, ಟ್ರೈನರ್‌ಗೆ ಗೊತ್ತಿರದ ಸಂಗತಿ ಆ ಹುಡುಗನಿಗೆ ಗೊತ್ತಿರುತ್ತದೆ. ಯಾವ ಹೊತ್ತಿಗೆ ನೀರು, ಯಾವ ಕಡೆಯಿಂದ ಮುಟ್ಟಿದರೆ ಆಗುವುದಿಲ್ಲ, ಪಕ್ಕದ ಲಾಯದಲ್ಲಿ ಯಾರಿದ್ದರು, ಎಲ್ಲ ಕೇಳಿ. ಅಲ್ಲಿಯ ವೇಳೆಯನ್ನೇ ಇಲ್ಲಿ ಎರಡು ಮೂರು ವಾರ ಮುಂದುವರಿಸಿ, ಆಮೇಲೆ ನಿಧಾನವಾಗಿ ಬದಲಿಸಿ.

ಕುತ್ತಿಗೆ ತಬ್ಬುವುದನ್ನು ಸದ್ಯಕ್ಕೆ ಬಿಡಿ. ಕುದುರೆಗೆ ಹಣೆಯ ನೇರ ಮುಂದೆ ಇರುವುದು ಕಾಣುವುದಿಲ್ಲ. ಬೆನ್ನ ಹಿಂದೆಯೂ ಅಷ್ಟೇ. ಎದುರಿನಿಂದ ಕೈ ಮುಖಕ್ಕೆ ಬಂದರೆ ಅದು ಅವನ ಕಣ್ಣಿಗೆ ಮಾಯವಾಗುವ ಜಾಗದಲ್ಲಿ ಬರುತ್ತದೆ. ಭುಜದ ಪಕ್ಕ ನಿಂತು, ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಆ ಏರಿನಲ್ಲಿ ಬೆರಳಿನಿಂದ ಚೆನ್ನಾಗಿ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲೇ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆ ಅಂತ ಅಳೆದೂ ನೋಡಿದ್ದಾರೆ.


ಗೊರಸು_ಗೆಳೆಯ:

ಲಾಳ ಕಟ್ಟುವುದು ನನ್ನ ಕೆಲಸ, ಅದರ ಬಗ್ಗೆ ಮಾತ್ರ ಹೇಳುತ್ತೇನೆ. ಕಾಲಲ್ಲಿ ಈಗ ಹಗುರವಾದ ಅಲ್ಯೂಮಿನಿಯಂ ಲಾಳ ಇದೆಯಾ ನೋಡಿ. ಇದ್ದರೆ ಅದು ಓಟಕ್ಕೆ ಮಾಡಿದ್ದು. ಬಹಳಷ್ಟು ರೇಸ್ ಕುದುರೆಗಳ ಅಂಗಾಲು ತೆಳು, ಗೊರಸಿನ ಮುಂತುದಿ ಉದ್ದ, ಹಿಮ್ಮಡಿ ತಗ್ಗು. ಬಂದ ವಾರವೇ ನಾಲ್ಕೂ ಲಾಳ ಕಿತ್ತು ಕಲ್ಲುನೆಲದಲ್ಲಿ ಬಿಟ್ಟರೆ ಹೆಜ್ಜೆ ಇಡಲು ನೋವಾಗುತ್ತದೆ. ಆ ನೋವನ್ನು ಜನ ಹಟ ಅಂದುಕೊಳ್ಳುತ್ತಾರೆ.

ಮುಂಗಾಲಿನ ಲಾಳ ಇರಲಿ. ಬೇರೆ ಕುದುರೆಯ ಜೊತೆ ಬಿಡುವುದಾದರೆ ಹಿಂಗಾಲಿನದ್ದು ಮಾತ್ರ ತೆಗೆಸಿ, ಒದ್ದಾಗ ಪೆಟ್ಟು ಕಮ್ಮಿ. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಮುಂತುದಿಯಲ್ಲಿ ಪೂರ್ತಿ ಹೊಸದಾಗಲು ಹೆಚ್ಚು ಕಮ್ಮಿ ಒಂದು ವರ್ಷ. ನಾಲ್ಕರಿಂದ ಆರು ವಾರಕ್ಕೊಮ್ಮೆ ತೋರಿಸುತ್ತಾ ಇರಿ.


ಡಾಕ್ಟರ್_ಲಾಯ:

ಪಶುವೈದ್ಯೆ. ನಿಮ್ಮ ಬರಹದಲ್ಲಿ ನನಗೆ ಮೊದಲು ಕಂಡದ್ದು ಹೊಟ್ಟೆ.

ಹುಲ್ಲು ಅರ್ಧಕ್ಕೆ ಬಿಡುವುದು, ಕಾಳಿಗೆ ಮೇಲೆ ಬೀಳುವುದು, ಮುಖ ತಿರುಗಿಸುವುದು. ಜೀನಿನ ಪಟ್ಟಿ ಬಿಗಿಯುವಾಗ ಹೊಟ್ಟೆಯ ಕಡೆ ತಿರುಗಿ ನೋಡುತ್ತಾನಾ, ಹಲ್ಲು ಕಡಿಯುತ್ತಾನಾ ಗಮನಿಸಿ. ಓಟದ ತರಬೇತಿಯಲ್ಲಿರುವ ಕುದುರೆಗಳಲ್ಲಿ ಬಹುಪಾಲಿಗೆ ಹೊಟ್ಟೆಹುಣ್ಣು ಇರುತ್ತದೆ. ಕ್ಯಾಮೆರಾ ಇಳಿಸಿ ನೋಡಿದ ಹಲವು ಅಧ್ಯಯನಗಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಕುದುರೆಗಳಲ್ಲಿ ಹುಣ್ಣು ಸಿಕ್ಕಿದೆ.

ಕಾರಣ ಸುಲಭ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲು ರಾತ್ರಿ ಊರುತ್ತಲೇ ಇರುತ್ತದೆ, ತಿಂದರೂ ತಿನ್ನದಿದ್ದರೂ. ಅದನ್ನು ತಣಿಸುವ ಜೊಲ್ಲು ಮಾತ್ರ ಅಗಿಯುವಾಗಷ್ಟೇ ಬರುತ್ತದೆ. ಕಾಳು ಕೆಲವೇ ನಿಮಿಷದಲ್ಲಿ ಖಾಲಿ, ಹುಲ್ಲನ್ನು ಗಂಟೆಗಟ್ಟಲೆ ಅಗಿಯಬೇಕು. ಕಾಳು ಜಾಸ್ತಿ, ಹುಲ್ಲು ಕಮ್ಮಿ, ಖಾಲಿ ಹೊಟ್ಟೆಯಲ್ಲಿ ಓಟ. ಓಡುವಾಗ ಆ ಆಮ್ಲ ಹೊಟ್ಟೆಯ ಮೇಲ್ಭಾಗಕ್ಕೆ ಚಿಮ್ಮುತ್ತದೆ. ಅಲ್ಲಿಯ ಒಳಪದರಕ್ಕೆ ರಕ್ಷಣೆಯೇ ಇಲ್ಲ.

ನಿಮ್ಮ ಡಾಕ್ಟರನ್ನು ಕರೆಸಿ ತೋರಿಸಿ. ಹುಣ್ಣು ಇದ್ದರೆ ಆಮ್ಲ ಕಡಿಮೆ ಮಾಡುವ ಒಮೆಪ್ರಜೋಲ್ ಔಷಧಿಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತೇವೆ. ಪ್ರಮಾಣ ಅವರು ಹೇಳಲಿ, ನೀವೇ ಅಂದಾಜು ಮಾಡಬೇಡಿ. ಜೊತೆಗೆ ಹುಲ್ಲು ಯಾವಾಗಲೂ ಮುಂದೆ ಇರಲಿ. ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆಯಿಂದ ಎರಡು ಭಾಗ, ಅಂದರೆ 500 ಕಿಲೋ ಕುದುರೆಗೆ ಏಳೂವರೆಯಿಂದ 10 ಕಿಲೋ ಒಣಹುಲ್ಲು. ಲೂಸರ್ನ್ ಸೊಪ್ಪು ಸ್ವಲ್ಪ ಸೇರಿಸಿ. ಅದರಲ್ಲಿರುವ ಕ್ಯಾಲ್ಸಿಯಂ ಆಮ್ಲವನ್ನು ತಣಿಸುತ್ತದೆ. ಕಾಳನ್ನು ಒಂದೇ ಸಲ ನಿಲ್ಲಿಸಬೇಡಿ. ಎರಡು ವಾರದಲ್ಲಿ ದಿನಾ ಒಂದೊಂದು ಹಿಡಿ ಕಡಿಮೆ ಮಾಡುತ್ತಾ ಬನ್ನಿ. ಹಾಗಂತ ಕೆಲಸವಿಲ್ಲದೆ ನಿಂತವನಿಗೆ ಓಟದ ಕಾಲದಷ್ಟೇ ಕಾಳು ಹಾಕುತ್ತಾ ಹೋದರೆ, ಮತ್ತೆ ಕೆಲಸ ಶುರು ಮಾಡಿದ ದಿನ ಕೆಲವಕ್ಕೆ ಮಾಂಸಖಂಡ ಸೆಟೆದು ಕಾಲು ಕೀಳಲಾಗದ ಸ್ಥಿತಿ ಬರುತ್ತದೆ. ಅದು ಅಪಾಯ.

ಹಲ್ಲು ಪರೀಕ್ಷೆ, ಹುಳುವಿಗೆ ಲದ್ದಿ ಪರೀಕ್ಷೆ, ಟೆಟನಸ್ ಲಸಿಕೆ ಯಾವಾಗ ಹಾಕಿದ್ದು ಎಂಬುದು, ಇವೂ ಆಗಲಿ. ಮೊದಲ ಎರಡು ಮೂರು ವಾರ ಬೇರೆ ಕುದುರೆಗೆ ಮೂಗು ತಾಗಿಸಲು ಬಿಡಬೇಡಿ. ದಿನಾ ಜ್ವರ ನೋಡಿ ಬರೆದಿಡಿ. 37.5ರಿಂದ 38.5 ಡಿಗ್ರಿ ಸರಿ. ಸುಮ್ಮನೆ ನಿಂತಾಗ ಎದೆಬಡಿತ ನಿಮಿಷಕ್ಕೆ 28ರಿಂದ 44. ಅವನ ಲೆಕ್ಕ ನಿಮಗೆ ಬಾಯಿಪಾಠ ಆಗಿದ್ದರೆ, ಮುಂದೆ ಅವನಿಗೆ ಹುಷಾರಿಲ್ಲ ಅಂತ ಮೊದಲು ತಿಳಿಯುವುದು ನಿಮಗೇ.


ಜೀನು_ಲಗಾಮು:

ಮೇಲಿನ ಎಲ್ಲದಕ್ಕೂ ಒಪ್ಪಿಗೆ ಇದೆ. ಆದರೆ ತಿಂಗಳುಗಟ್ಟಲೆ ಸುಮ್ನೆ ಬಿಟ್ಟುಬಿಡಿ ಅನ್ನುವ ಸಲಹೆ ಬರುತ್ತದೆ ಅಂತ ಗೊತ್ತು, ಅದನ್ನು ನಾನು ಒಪ್ಪುವುದಿಲ್ಲ. ಎರಡು ವರ್ಷದ ಮರಿಯಿಂದ ಪ್ರತಿದಿನ ಕೆಲಸ ಮಾಡಿದ ಪ್ರಾಣಿ ಅದು. ಅದಕ್ಕೆ ಮನುಷ್ಯರ ಕೈ, ಮನುಷ್ಯರ ಸದ್ದು ಅಭ್ಯಾಸ. ಏಕಾಏಕಿ ಏನೂ ಇಲ್ಲ ಅಂದರೆ ಕೆಲವು ಕುದುರೆಗಳು ಇನ್ನೂ ಕಂಗಾಲಾಗುತ್ತವೆ. ಬಾಗಿಲ ಹಲಗೆ ಕಚ್ಚಿ ಗಾಳಿ ಎಳೆಯುವುದು, ನಿಂತಲ್ಲೇ ಎಡಬಲ ತೂಗಾಡುವುದು ಜಾಸ್ತಿಯಾಗುತ್ತದೆ.

ಸವಾರಿ ಬೇಡ. ಆದರೆ ದಿನಾ ಅದೇ ಹೊತ್ತಿಗೆ 20 ನಿಮಿಷ ಕೈಯಲ್ಲಿ ಹಿಡಿದು ನಡೆಸಿ. ನಿಲ್ಲು ಅಂದರೆ ನಿಲ್ಲುವುದು, ಹಿಂದೆ ಹೋಗು ಅಂದರೆ ಒಂದು ಹೆಜ್ಜೆ ಹಿಂದೆ. ಅಷ್ಟು ಸಾಕು.

ಇನ್ನು ಹತ್ತುವಾಗ ನಿಲ್ಲದ್ದು. ಅವನಿಗೆ ಯಾರೂ ನಿಲ್ಲಲು ಕಲಿಸಿಯೇ ಇಲ್ಲ. ಜಾಕಿಯನ್ನು, ಅಂದರೆ ರೇಸ್ ಸವಾರನನ್ನು, ಇನ್ನೊಬ್ಬರು ಮೊಣಕಾಲು ಹಿಡಿದು ಮೇಲಕ್ಕೆ ಎತ್ತಿ ಹಾಕುತ್ತಾರೆ, ಕುದುರೆ ನಡೆಯುತ್ತಲೇ ಇರುತ್ತದೆ. ಲಗಾಮು ಎಳೆದರೆ ಜೋರಾದ ಅಂದಿರಿ. ಟ್ರ್ಯಾಕಿನಲ್ಲಿ ಜಾಕಿ ಲಗಾಮು ಬಿಗಿ ಹಿಡಿದಾಗ ಕುದುರೆ ಕಡಿವಾಣದ ಮೇಲೆ ಭಾರ ಹಾಕಿ ಓಡುತ್ತದೆ. ಬಿಗಿ ಅಂದರೆ ಅವನಿಗೆ ಹೋಗು ಅಂತ. ನಿಮ್ಮ ಮಾತಿಗೆ ಅವನು ತನಗೆ ಗೊತ್ತಿದ್ದ ಅರ್ಥವನ್ನೇ ಮಾಡಿಕೊಂಡ.


ಹಳೆ_ಲಾಯ:

ಜೀನು_ಲಗಾಮು ಅವರೇ, ಕೈಯಲ್ಲಿ ನಡೆಸುವುದಕ್ಕೆ ನನ್ನ ಅಡ್ಡಿ ಇಲ್ಲ. ನಾನೂ ಅದನ್ನೇ ಮಾಡುತ್ತೇನೆ. ಬೆನ್ನ ಮೇಲೆ ಮಾತ್ರ ಆತುರ ಬೇಡ ಅನ್ನುವುದು. ಕುದುರೆಯ ಬೆನ್ನುಮೂಳೆ ಪೂರ್ತಿ ಬಲಿಯುವುದೇ ಐದೂವರೆ, ಆರು ವರ್ಷಕ್ಕೆ.


ಬೆಳಗಿನ_ನಡಿಗೆ (23ನೇ ದಿನ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರ್ ಬಂದು ನೋಡಿದರು. ಹೊಟ್ಟೆಹುಣ್ಣು ಇದೆ, ಮೇಲ್ಭಾಗದಲ್ಲೇ. ಔಷಧಿ ಶುರುವಾಗಿದೆ. ಬಲಗಡೆಯ ದವಡೆಹಲ್ಲು ಒಂದು ಚೂಪಾಗಿ ಕೆನ್ನೆಯ ಒಳಗೆ ಗಾಯ ಮಾಡಿತ್ತು. ನಾನು ಮುಖ ಸವರಲು ಹೋಗುತ್ತಿದ್ದದ್ದು ಆ ಗಾಯದ ಮೇಲೇ. ಅದನ್ನು ಕೇಳಿದಾಗ ನನಗೆ ಅಳು ಬಂತು.

ಹುಡುಗನಿಗೆ ಫೋನ್ ಮಾಡಿದೆ. ಹೆಸರು ಹೇಳಿದ ಕೂಡಲೇ ಅವನು ಕೇಳಿದ್ದು, 'ನೀರು ಕುಡೀತಾನಾ ಸರ್? ಅವನಿಗೆ ಹೊಸ ಬಕೆಟ್ ಆಗಲ್ಲ.' ಮೂರು ವರ್ಷ ನೋಡಿಕೊಂಡವನು. ಮೂತ್ರ ಮಾಡಿಸಲು ಸಿಳ್ಳೆ ಹಾಕುತ್ತಿದ್ದನಂತೆ, ಅದು ಎಲ್ಲ ಕಡೆ ರೂಢಿಯಂತೆ. ಫೋನಿನಲ್ಲೇ ಸಿಳ್ಳೆ ಹಾಕಿ ತೋರಿಸಿದ. ಎಡಪಕ್ಕದ ಲಾಯದಲ್ಲಿ ಒಂದು ಬೂದು ಬಣ್ಣದ ಮುದಿ ಕುದುರೆ ಇತ್ತಂತೆ, ಎರಡೂ ಕಂಬಿಯ ಸಂದಿಯಲ್ಲಿ ಮೂಗು ತಾಗಿಸಿ ನಿಲ್ಲುತ್ತಿದ್ದವಂತೆ. ಕಾಗದದ ಮೇಲಿನ ಉದ್ದ ಹೆಸರನ್ನು ಯಾರೂ ಕರೆಯುತ್ತಿರಲಿಲ್ಲ. ಲಾಯದಲ್ಲಿ ಅವನು 'ಚಿನ್ನು'.

ಸಂಜೆ ಹೋಗಿ ಆ ಸಿಳ್ಳೆ ಹಾಕಿದೆ. ಎರಡೂ ಕಿವಿ ನನ್ನ ಕಡೆ ತಿರುಗಿದವು. 23 ದಿನದಲ್ಲಿ ಮೊದಲ ಸಲ.

ಒಂಟಿಯಾಗಿ ಇಡುವುದು ತಪ್ಪು ಅಂತ ಈಗ ಅರ್ಥವಾಗಿದೆ. ಪರಿಚಯದವರ ಹತ್ತಿರ 19 ವರ್ಷದ ಶಾಂತ ಸ್ವಭಾವದ ಪೋನಿ ಇದೆ, ಕೊಡುತ್ತೇವೆ ಅಂದಿದ್ದಾರೆ. ಹೇಗೆ ಸೇರಿಸಬೇಕು?


ಬಯಲು_ಬೇಲಿ:

ಇದರಲ್ಲಿ ನನಗೆ ಆದದ್ದನ್ನು ಹೇಳಲೇಬೇಕು. ನನ್ನ ಕುದುರೆ ಬಂದ ಮೂರನೇ ದಿನ, ಪಾಪ ಎಷ್ಟು ದಿನ ಒಳಗಿದ್ದಾಳೆ ಅಂತ ದೊಡ್ಡ ಬಯಲಿಗೆ ಬಿಟ್ಟೆ. ಒಳಗೆ ಬೇರೆ ನಾಲ್ಕು ಕುದುರೆಗಳಿದ್ದವು. ಐದು ವರ್ಷ ಒಂದು ಬಯಲನ್ನೂ ಕಾಣದವಳು. ಓಡಿದಳು. ಓಡುವುದು ಅವಳಿಗೆ ಗೊತ್ತಿತ್ತು, ಮುಂದೆ ಬೇಲಿ ಬಂದರೆ ನಿಲ್ಲುವುದು ಗೊತ್ತಿರಲಿಲ್ಲ. ತಂತಿ ಅವಳ ಕಣ್ಣಿಗೆ ಬೀಳಲಿಲ್ಲ. ಎದೆಗೆ 31 ಹೊಲಿಗೆ, ಮೂರು ತಿಂಗಳು ಲಾಯ. ಆ ದಿನ ನನ್ನ ಕಣ್ಣಿನಿಂದ ಹೋಗಿಲ್ಲ.

ಆದ್ದರಿಂದ ಹೀಗೆ ಮಾಡಿ. ಮೊದಲು ಚಿಕ್ಕ ಜಾಗ, ಹತ್ತು ಹದಿನೈದು ಹೆಜ್ಜೆ ಅಗಲದ್ದು ಸಾಕು. ಬೇಲಿಗೆ ಬಿಳಿ ಬಟ್ಟೆಯ ತುಂಡು ಕಟ್ಟಿ. ಹಾಲ್ಟರ್ (ತಲೆಗೆ ಹಾಕುವ ಪಟ್ಟಿ) ಹಿಡಿದು ಬೇಲಿಯ ಸುತ್ತ ಎರಡು ಮೂರು ಸುತ್ತು ನಡೆಸಿ ತೋರಿಸಿ. ಹೊಟ್ಟೆ ತುಂಬಾ ಹುಲ್ಲು ತಿಂದ ಮೇಲೆ ಬಿಡಿ, ಹಸಿದಾಗ ಬೇಡ. ಮೊದಲ ದಿನ ಅರ್ಧ ಗಂಟೆ, ನೀವು ಅಲ್ಲೇ ಇರಿ. ಪೋನಿ ಪಕ್ಕದ ಆವರಣದಲ್ಲಿರಲಿ, ನಡುವೆ ಗಟ್ಟಿ ಬೇಲಿ. ವಾರ ಕಳೆದು ಎರಡೂ ಬೇಲಿಯ ಹತ್ತಿರ ಸುಮ್ಮನೆ ಮೇಯುತ್ತಿದ್ದರೆ ಆಗ ಒಟ್ಟಿಗೆ. ಹುಲ್ಲಿನ ರಾಶಿ ಮೂರು ಕಡೆ ಹಾಕಿ, ಇರುವುದು ಎರಡೇ ಆದರೂ.


ಸಣ್ಣ_ಹೆಜ್ಜೆ:

ನಾನೂ ಹೊಸಬಳು. ಒಂದೂ ಗೆಲ್ಲದ ಕುದುರೆ ಏಕೆ ತಂದೆ ಅಂತ ನಮ್ಮ ಮನೆಯಲ್ಲಿ ಕೇಳುತ್ತಾರೆ. ನಿಮಗೂ ಕೇಳಿದ್ದಾರಾ?


ಜೀನು_ಲಗಾಮು:

ಸಣ್ಣ_ಹೆಜ್ಜೆ ಅವರೇ, ಟಚ್ ಆಫ್ ಕ್ಲಾಸ್ ಎಂಬ ಹೆಣ್ಣು ಕುದುರೆಯ ಕಥೆ ಹೇಳಿ ಮನೆಯವರಿಗೆ. ಅವಳೂ ಥರೋಬ್ರೆಡ್. ಆರು ರೇಸ್ ಓಡಿದಳು, ಒಂದನ್ನೂ ಗೆಲ್ಲಲಿಲ್ಲ. ಜಿಗಿತ ಕಲಿತಳು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜೋ ಫಾರ್ಗಿಸ್ ಅವರನ್ನು ಹೊತ್ತು ಎರಡು ಚಿನ್ನ ಗೆದ್ದಳು, ಒಂದು ವೈಯಕ್ತಿಕ, ಒಂದು ತಂಡದ್ದು. ಟ್ರ್ಯಾಕಿನಲ್ಲಿ ನಿಧಾನ ಅನ್ನಿಸಿಕೊಂಡದ್ದು ಕುದುರೆಯ ಬಗ್ಗೆ ಹೇಳುವುದು ಅಷ್ಟೇ, ಟ್ರ್ಯಾಕಿನಲ್ಲಿ ನಿಧಾನ ಅಂತ.


ಹಳೆ_ಲಾಯ:

ಒಲಿಂಪಿಕ್ಸ್ ಹೋಗದಿದ್ದರೂ ಪರವಾಗಿಲ್ಲ ಅಂತಲೂ ಹೇಳಿ. ಐದಾರು ವರ್ಷಕ್ಕೆ ರೇಸ್ ಮುಗಿಯುತ್ತದೆ. ಕುದುರೆ 25, 30 ವರ್ಷ ಬಾಳುವ ಜೀವ. ಉಳಿದ ಇಪ್ಪತ್ತು ವರ್ಷ ಎಲ್ಲಾದರೂ ಇರಬೇಕಲ್ಲ. ತರುವ ಮೊದಲು ಈ ಲೆಕ್ಕ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಿಮ್ಮಿಂದ ಆಗದ ದಿನ ಬಂದರೆ ಯಾರು ನೋಡುತ್ತಾರೆ ಎಂಬುದೂ ಆ ಲೆಕ್ಕದಲ್ಲೇ ಇರಲಿ.


ಬೆಳಗಿನ_ನಡಿಗೆ (58ನೇ ದಿನ):

ಪೋನಿ ಬಂದು ನಾಲ್ಕು ವಾರ. ಬಯಲು_ಬೇಲಿ ಅವರು ಹೇಳಿದ ಹಾಗೇ ಮಾಡಿದೆ. ಬೇಲಿಯ ಉದ್ದ ನಡೆಯುವುದು ಪೂರ್ತಿ ನಿಂತಿದೆ. ಹುಲ್ಲು ಒಂದು ಕಡ್ಡಿ ಬಿಡುವುದಿಲ್ಲ. ತೂಕ ಮೊದಲು ಇಳಿದು ಪಕ್ಕೆಲುಬು ಕಂಡು ಹೆದರಿಕೆಯಾಗಿತ್ತು, ಈಗ ಮುಚ್ಚುತ್ತಿದೆ.

ನಾನು ದಿನಾ ಸಂಜೆ ಏನೂ ಕೇಳದೆ ಒಂದು ಸ್ಟೂಲ್ ಹಾಕಿಕೊಂಡು ಲಾಯದ ಬಾಗಿಲಲ್ಲಿ ಕೂರುತ್ತೇನೆ. ಕೈಯಲ್ಲಿ ತಿಂಡಿ ಇರುವುದಿಲ್ಲ. ಮೊದಲು ಹಿಂಭಾಗ ನನ್ನ ಕಡೆ ಮಾಡಿ ನಿಲ್ಲುತ್ತಿದ್ದ. ಆಮೇಲೆ ಪಕ್ಕ ತಿರುಗಿದ. ಮೊನ್ನೆ ಬಂದು ನನ್ನ ಅಂಗಿಯ ತೋಳನ್ನು ಮೂಸಿ, ತಲೆ ತಗ್ಗಿಸಿ, ಕೆಳತುಟಿ ಜೋತುಬಿಟ್ಟು ಹಾಗೇ ನಿಂತ. ಒಂದು ಹಿಂಗಾಲು ಮಡಚಿ ಆರಾಮಾಗಿ. ಅವನ ಉಸಿರು ನನ್ನ ಮೊಣಕೈಗೆ ಬೆಚ್ಚಗೆ ತಾಗುತ್ತಿತ್ತು. ನಾನು ಎಣಿಸಿದೆ, ನಿಮಿಷಕ್ಕೆ ಹತ್ತು.

ಭುಜದ ಮೇಲೆ ಕೆರೆದರೆ ಮೇಲ್ತುಟಿ ಉದ್ದ ಮಾಡಿ ಗಾಳಿಯಲ್ಲಿ ಆಡಿಸುತ್ತಾನೆ. ಇದು ಖುಷಿಯೇ ಅಲ್ವಾ?


ಡಾಕ್ಟರ್_ಲಾಯ:

ಹೌದು, ಖುಷಿಯೇ. ಮಲಗುತ್ತಾನಾ ನೋಡಿ. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಗಾಢ ನಿದ್ದೆಗೆ ಮಲಗಲೇಬೇಕು. ದಿನಕ್ಕೆ ಅರ್ಧ ಗಂಟೆಯಷ್ಟಾದರೂ ಅದು ಬೇಕು. ಜಾಗದ ಮೇಲೆ ಭರವಸೆ ಬರುವವರೆಗೆ ಕೆಲವು ವಾರಗಟ್ಟಲೆ ಮಲಗುವುದಿಲ್ಲ. ಬೆಳಿಗ್ಗೆ ಹೊಟ್ಟೆಯ ಪಕ್ಕಕ್ಕೆ, ಬಾಲಕ್ಕೆ ಹುಲ್ಲುಕಡ್ಡಿ ಅಂಟಿದ್ದರೆ ಮಲಗಿದ್ದ ಅಂತ ಅರ್ಥ.


ಜೀನು_ಲಗಾಮು:

ಈಗ ಕಟ್ಟೆಯ ಪಾಠ ಶುರು ಮಾಡಬಹುದು. ಜೀನಿಲ್ಲದೆ ಕಟ್ಟೆಯ ಪಕ್ಕ ನಡೆಸಿ ನಿಲ್ಲಿಸಿ, ಕೆರೆಯಿರಿ, ಹೊರಡಿ. ಮಾರನೇ ದಿನ ನೀವು ಕಟ್ಟೆ ಹತ್ತಿ ನಿಲ್ಲಿ, ಇಳಿಯಿರಿ. ಆಮೇಲೆ ಬೆನ್ನ ಮೇಲೆ ಕೈಯಿಂದ ಭಾರ. ಅವನು ನಡೆದರೆ ಬೈಯಬೇಡಿ, ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ ತನ್ನಿ. ಹತ್ತಿದ ಮೇಲೂ ಕೂಡಲೇ ಹೊರಡಬೇಡಿ, ಹತ್ತು ಎಣಿಸಿ.

ಕಾಲಿನ ಒತ್ತು ಅವನಿಗೆ ಗೊತ್ತಿಲ್ಲ ಎಂಬುದು ನೆನಪಿರಲಿ. ಜಾಕಿ ರಿಕಾಪು ಮೇಲಕ್ಕೆ ಕಟ್ಟಿ ಎದ್ದು ಕೂರುತ್ತಾನೆ, ಪಕ್ಕೆಗೆ ಕಾಲು ತಾಗುವುದೇ ಕಡಿಮೆ. ನೀವು ಉದ್ದ ಕಾಲು ಬಿಟ್ಟು ಪೂರ್ತಿ ಭಾರ ಹಾಕಿ ಕೂತರೆ ಅದು ಅವನಿಗೆ ಹೊಸ ವಿಷಯ. ಮೊದಲು ಬಾಯಿಮಾತು, ಜೊತೆಗೆ ಹಗುರ ಒತ್ತು. ಟ್ರ್ಯಾಕ್ ಯಾವ ಕಡೆ ತಿರುಗುತ್ತಿತ್ತೋ ಆ ಕಡೆ ಸಲೀಸು, ಇನ್ನೊಂದು ಕಡೆ ಬಿಗಿ ಇರಬಹುದು. ತಿಂಗಳು ಪೂರ್ತಿ ಬರೀ ನಡಿಗೆ. ಕುಕ್ಕುಲೋಟ ಆಮೇಲೆ. ನಾಗಾಲೋಟದ ಯೋಚನೆ ಈಗ ಬೇಡ, ಅದು ಅವನಿಗೆ ಮರೆಯುವುದಿಲ್ಲ.

ಲಗಾಮಿನಿಂದ ನಿಲ್ಲಿಸಬೇಡಿ. ಉಸಿರು ಬಿಟ್ಟು, ಮೈ ಭಾರ ಮಾಡಿ, ನಿಲ್ಲು ಅನ್ನಿ, ಆಮೇಲೆ ಬೆರಳು ಮುಚ್ಚಿ. ಅವನು ನಿಂತ ಕ್ಷಣ ಬೆರಳು ಸಡಿಲ.


ಬೆಳಗಿನ_ನಡಿಗೆ (ಐದನೇ ತಿಂಗಳು):

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಕಟ್ಟೆಯ ಪಾಠಕ್ಕೆ 16 ದಿನ ಹಿಡಿಯಿತು. 17ನೇ ದಿನ ಹತ್ತಿದೆ, ನಿಂತ. ನಾನು ಹತ್ತು ಎಣಿಸುವ ಬದಲು ಇಪ್ಪತ್ತು ಎಣಿಸಿದೆ. ಒಂದು ಕಿವಿ ಹಿಂದೆ ತಿರುಗಿಸಿ ನನ್ನನ್ನೇ ಕೇಳಿಸಿಕೊಳ್ಳುತ್ತಿದ್ದ. ಈಗ ವಾರಕ್ಕೆ ನಾಲ್ಕು ದಿನ ನಡಿಗೆ, ಸ್ವಲ್ಪ ಕುಕ್ಕುಲೋಟ. ಪ್ಲಾಸ್ಟಿಕ್ ಚೀಲ ಹಾರಿದರೆ ಈಗಲೂ ಬೆಚ್ಚುತ್ತಾನೆ. ಆದರೆ ಬೆಚ್ಚಿ ನಿಲ್ಲುತ್ತಾನೆ, ಓಡುವುದಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಬಾಗಿಲ ಸದ್ದೇ ಬರಲಿಲ್ಲ. ಹೆದರಿ ಬ್ಯಾಟರಿ ಹಿಡಿದು ಓಡಿದೆ. ಚಿನ್ನು ನಾಲ್ಕೂ ಕಾಲು ಚಾಚಿ ಪಕ್ಕಕ್ಕೆ ಮಲಗಿದ್ದ. ಕಾಲಿಕ್, ಅಂದರೆ ಕುದುರೆಗೆ ಬರುವ ಅಪಾಯದ ಹೊಟ್ಟೆನೋವು, ಇರಬಹುದು ಅಂತ ಎದೆ ಧಸಕ್ ಅಂತು. ಹತ್ತಿರ ಹೋದರೆ ಗೊರಕೆ. ಪಕ್ಕದಲ್ಲಿ ಪೋನಿ ಕಾವಲಿಗೆ ನಿಂತ ಹಾಗೆ ನಿಂತಿತ್ತು. ನಾನು ಬೆಳಕಾಗುವವರೆಗೆ ಬಾಗಿಲ ಹತ್ತಿರವೇ ಕೂತಿದ್ದೆ. ಒಂದು ಸಲ ಕಣ್ಣು ಬಿಟ್ಟು ನನ್ನನ್ನು ನೋಡಿದ. ಏಳಲಿಲ್ಲ, ಮತ್ತೆ ಕಣ್ಣು ಮುಚ್ಚಿದ.

ಆ ಹುಡುಗನಿಗೆ ಫೋಟೋ ಕಳಿಸಿದೆ. 'ನಮ್ಮ ಚಿನ್ನು ದಪ್ಪ ಆಗಿದಾನೆ ಸರ್' ಅಂದ.

ಈಗ ಒಂದು ಪ್ರಶ್ನೆ. ಬೆನ್ನು ತುಂಬಿಕೊಂಡಿದೆ, ಮೊದಲು ಸರಿಯಾಗಿ ಕೂರುತ್ತಿದ್ದ ಜೀನು ಈಗ ಭುಜದ ಹತ್ತಿರ ಒತ್ತುತ್ತಿದೆ. ಬೆವರಿನ ನಡುವೆ ಅಂಗೈಯಗಲದ ಒಣಜಾಗ ಕಾಣಿಸುತ್ತಿದೆ. ಹೊಸದು ಕೊಳ್ಳಲೇ, ಕಾಯಲೇ?


ಜೀನು_ಲಗಾಮು:

ಒಣಜಾಗ ಅಂದರೆ ಅಲ್ಲಿ ಒತ್ತು ಜಾಸ್ತಿ ಇದೆ. ಆ ಜೀನಿನಲ್ಲಿ ಇವತ್ತಿನಿಂದಲೇ ಹತ್ತಬೇಡಿ. ಹೊಸದನ್ನು ಈಗಲೇ ಕೊಳ್ಳಬೇಡಿ, ಮೊದಲ ವರ್ಷ ಬೆನ್ನಿನ ಆಕಾರ ಇನ್ನೂ ಎರಡು ಮೂರು ಸಲ ಬದಲಾಗುತ್ತದೆ. ಅಗಲ ಹೊಂದಿಸಲು ಬರುವ ಜೀನು ಯಾರ ಹತ್ತಿರವಾದರೂ ಇದ್ದರೆ ಎರವಲು ತನ್ನಿ, ಬಲ್ಲವರಿಂದ ಅಳತೆ ನೋಡಿಸಿ. ಅಲ್ಲಿಯವರೆಗೆ ಕೈಯಲ್ಲಿ ಹಿಡಿದು ನಡೆಸಿ.


ಬೆಳಗಿನ_ನಡಿಗೆ:

ಸರಿ. ನಾಳೆಯಿಂದ ಕೈಯಲ್ಲೇ ನಡಿಗೆ. ಪೋನಿಯನ್ನೂ ಕರೆದುಕೊಂಡು ಹೋಗುತ್ತೇನೆ, ಬಿಟ್ಟು ಹೋದರೆ ಇಬ್ಬರೂ ಕೆನೆಯುತ್ತಾರೆ.